ಮುಗಿದ ಯುದ್ಧದ ಮುಗಿಯದ ಬಾಕಿ

ಸಾಲವೆಂಬುದರ ನಿಜವಾದ ಭಾರ ಅದನ್ನು ತಂದ ದಿನ ತಿಳಿಯುವುದಿಲ್ಲ. ಧಾರವಾಡ ಸೀಮೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕಿರ್ದಿ-ಖತಾವಣಿ ಬರೆದು ನಿವೃತ್ತನಾದ ನನಗೆ ಈ ಮಾತನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಮಗಳ ಮದುವೆಗೆಂದು ಹೊಲದ ಮೇಲೆ ಸಾಲವೆತ್ತಿದ ರೈತ ಹಂದರ ಹಾಕಿಸಿದ ದಿನ ನಗುನಗುತ್ತಲೇ ಓಡಾಡುತ್ತಾನೆ. ಊರಿಗೆ ಊರೇ ಉಂಡು ಹರಸಿ ಹೋಗುತ್ತದೆ. ಕಂತಿನ ನೋಟೀಸು ಬರುವ ಹೊತ್ತಿಗೆ ಉಂಡವರಾರೂ ಎದುರಿಗಿರುವುದಿಲ್ಲ. ಅನೇಕ ಸಲ ಸಾಲ ಮಾಡಿದಾತನೂ ಇರುವುದಿಲ್ಲ. ಖಾತೆ ಆತನ ಮಗನ ಹೆಸರಿಗೆ ವರ್ಗವಾಗಿರುತ್ತದೆ. ಒಂದು ಮನೆತನಕ್ಕೆ ಸಲ್ಲುವ ಈ ಮಾತು ಜಗತ್ತಿನ ಅತಿ ಬಲಿಷ್ಠ ರಾಷ್ಟ್ರಕ್ಕೂ ಹೇಗೆ ಸಲ್ಲುತ್ತದೆ ಎಂಬುದನ್ನು ಆ ರಾಷ್ಟ್ರದ ನೆಲದಲ್ಲಿಯೇ ಕುಳಿತು ಓದಿ ತಿಳಿಯುವ ಅವಕಾಶ 2022ರ ಬೇಸಿಗೆಯಲ್ಲಿ ನನಗೊದಗಿತು.

ನಮ್ಮ ಹಿರಿಯ ಮಗ 2003ರಲ್ಲಿ ಅಮೆರಿಕಕ್ಕೆ ಹೋದವನು, ಈಗ ಅಲ್ಲಿಯ ಪ್ರಜೆ. ವಾಷಿಂಗ್ಟನ್ ನಗರದ ನೆರೆಯಲ್ಲಿರುವ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಅವನ ಮನೆ. ನಾನೂ ನಮ್ಮ ಮನೆಯವರೂ ಆ ವರ್ಷ ಐದು ತಿಂಗಳು ಅಲ್ಲಿದ್ದೆವು. ಬೆಳಗಿನ ಪೂಜೆ ಮುಗಿದು ಮಕ್ಕಳೆಲ್ಲ ಹೊರಟುಹೋದ ಮೇಲೆ ಮುದುಕನಾದವನಿಗೆ ಕೆಲಸವಾದರೂ ಏನು? ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯವಿತ್ತು. ಅಲ್ಲಿ ಕುಳಿತು ಓದಲಾರಂಭಿಸಿದೆ. ಆಫ್ಘಾನಿಸ್ತಾನದ ಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಪತ್ರಿಕೆಗಳ ತುಂಬ ಅದರದೇ ಲೆಕ್ಕ. ಲೆಕ್ಕವೆಂದರೆ ಬಿಡುವ ಜಾಯಮಾನ ನನ್ನದಲ್ಲ.

ಆ ಯುದ್ಧ ಹೇಗೆ ಮೊದಲಾಯಿತೆಂಬುದು ಎಲ್ಲರಿಗೂ ನೆನಪಿದೆ. 2001ರ ಸೆಪ್ಟೆಂಬರ್ 11ರಂದು ನಾಲ್ಕು ವಿಮಾನಗಳನ್ನು ಅಪಹರಿಸಿದ ಭಯೋತ್ಪಾದಕರು ಸುಮಾರು ಮೂರು ಸಾವಿರ ನಿರಪರಾಧಿಗಳನ್ನು ಕೊಂದರು. ಅದರ ಸೂತ್ರಧಾರರಿಗೆ ಆಶ್ರಯ ಕೊಟ್ಟ ತಾಲಿಬಾನರ ಮೇಲೆ ಅಕ್ಟೋಬರ್ 7ರಂದು ದಾಳಿ ಆರಂಭವಾಯಿತು. ಎರಡೇ ತಿಂಗಳಿಗೆ ತಾಲಿಬಾನ್ ಆಡಳಿತ ಬಿದ್ದುಹೋಯಿತು. ಅಲ್ಲಿಗೆ ಮುಗಿಯಿತೆಂದು ಎಣಿಸಿದ ಯುದ್ಧ ಮುಂದೆ ಇಪ್ಪತ್ತು ವರ್ಷ ನಡೆಯಿತು. 2021ರ ಆಗಸ್ಟ್ 15ರಂದು ಅದೇ ತಾಲಿಬಾನರು ಕಾಬೂಲನ್ನು ಮರಳಿ ಹಿಡಿದರು. ಅದೇ ತಿಂಗಳ 30ರ ನಡುರಾತ್ರಿಗೆ ಮುನ್ನ ಅಮೆರಿಕದ ಕೊನೆಯ ಸೈನಿಕ ವಿಮಾನವೇರಿದ. ಸೇಡಿನಿಂದ ಹೊರಟದ್ದು ಸೇಡಿನಲ್ಲಿಯೇ ನಿಂತಿದ್ದರೆ ಅದರ ಕಥೆ ಬೇರೆಯಾಗುತ್ತಿತ್ತು. ರಾಜ್ಯ ಕಟ್ಟಿಕೊಡುತ್ತೇವೆಂಬ ಸಂಕಲ್ಪ ನಡುವೆ ಸೇರಿಕೊಂಡಿತು. ಪರರ ಮನೆಯನ್ನು ನಾವು ಕಟ್ಟಿಸಿಕೊಡುವುದಾದರೆ ಗೋಡೆ ಎಲ್ಲಿರಬೇಕೆಂದು ಮನೆಯೊಡೆಯನನ್ನು ಕೇಳಬೇಕಾಗುತ್ತದೆ. ಆ ಪ್ರಶ್ನೆ ಕೇಳಿದವರು ಕಡಮೆ.

ಈಗ ಹಣದ ಮಾತು. ರೋಡ್ ಐಲೆಂಡಿನ ಬ್ರೌನ್ ವಿಶ್ವವಿದ್ಯಾಲಯದ ವಿದ್ವಾಂಸರು ವರ್ಷಗಟ್ಟಲೆ ಕುಳಿತು ಈ ಯುದ್ಧದ ವೆಚ್ಚವನ್ನು ಲೆಕ್ಕಹಾಕಿದ್ದಾರೆ. ಅವರ ಎಣಿಕೆಯಂತೆ ಆಫ್ಘಾನಿಸ್ತಾನದ ಯುದ್ಧಕ್ಕೆ ಅಮೆರಿಕ ಹೊತ್ತ ವೆಚ್ಚ 2021ರವರೆಗೆ ಸುಮಾರು 2.3 ಲಕ್ಷ ಕೋಟಿ ಡಾಲರ್. ಇಂಥ ಮೊತ್ತ ಬಾಯಿಗೆ ಬರುತ್ತದೆ, ಬುದ್ಧಿಗೆ ಬರುವುದಿಲ್ಲ. ಆದುದರಿಂದ ನಾನು ಅದನ್ನು ಕಾಗದದ ಮೇಲೆ ಭಾಗಿಸಿ ನೋಡಿದೆ. ಏಳು ಸಾವಿರದ ಇನ್ನೂರಕ್ಕೂ ಮೀರಿದ ದಿನಗಳಲ್ಲಿ, ಒಂದು ಭಾನುವಾರವನ್ನೂ ಬಿಡದೆ, ದಿನವೊಂದಕ್ಕೆ 30 ಕೋಟಿ ಡಾಲರಿಗೂ ಹೆಚ್ಚು ಬಿದ್ದಿತು.

ಆದರೆ ಮೊತ್ತಕ್ಕಿಂತ ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಅದರೊಳಗಿನ ಒಂದು ಬಾಬು. ಆ 2.3 ಲಕ್ಷ ಕೋಟಿಯಲ್ಲಿ 53,000 ಕೋಟಿ ಡಾಲರಿಗೂ ಹೆಚ್ಚಿನದು ಗುಂಡಿಗೂ ಹೋಗಲಿಲ್ಲ, ಗೋಧಿಗೂ ಹೋಗಲಿಲ್ಲ. ಅದು ಬರಿಯ ಬಡ್ಡಿ. ರೂಪಾಯಿಗೆ ನಾಲ್ಕಾಣೆಗಿಂತ ತುಸು ಕಡಮೆ. ಏಕೆಂದರೆ ಈ ಯುದ್ಧವನ್ನು ಆ ದೇಶ ಬಹುಪಾಲು ಸಾಲದ ಮೇಲೆ ಮಾಡಿತು. ಕೊರಿಯಾ ಯುದ್ಧದ ಕಾಲದಲ್ಲಿ ಅಧ್ಯಕ್ಷ ಟ್ರೂಮನ್ನರು ತೆರಿಗೆ ಏರಿಸಿದ್ದರು. ವಿಯೆಟ್ನಾಂ ಯುದ್ಧ ಬಿಗಡಾಯಿಸಿದಾಗ 1968ರಲ್ಲಿ ಆದಾಯ ತೆರಿಗೆಯ ಮೇಲೆ ಶೇಕಡ 10ರ ಅಧಿಭಾರ ಬಿತ್ತು. ಜನ ಗೊಣಗಿದರು, ಬೈದರು. ಯುದ್ಧ ನಡೆಯುತ್ತಿದೆ ಎಂಬುದು ಪ್ರತಿಯೊಬ್ಬನ ಕಿಸೆಗೂ ಗೊತ್ತಾಯಿತು. ಈ ಸಲ ಹಾಗಾಗಲಿಲ್ಲ. ಯುದ್ಧ ಆರಂಭವಾದ 2001ರಲ್ಲಿಯೂ, ಇರಾಕಿನಲ್ಲಿ ಇನ್ನೊಂದು ರಣರಂಗ ತೆರೆದ 2003ರಲ್ಲಿಯೂ ತೆರಿಗೆಯನ್ನು ಇಳಿಸಲಾಯಿತು. ಯುದ್ಧದ ಖರ್ಚನ್ನು ವರ್ಷದ ಆಯವ್ಯಯದ ಮೂಲ ಹಾಳೆಯಲ್ಲಿ ತೋರಿಸದೆ, ತುರ್ತು ಮಂಜೂರಾತಿಯ ಹೆಸರಿನಲ್ಲಿ ಪ್ರತ್ಯೇಕ ಮಸೂದೆಗಳ ಮೂಲಕ ಪಡೆಯುವ ರೂಢಿ ಬೆಳೆಯಿತು. ಮೊದಲ ವರ್ಷ ತುರ್ತು ಎನ್ನಬಹುದು. ಹತ್ತನೆಯ ವರ್ಷವೂ ತುರ್ತೆ? ನಮ್ಮ ಬ್ಯಾಂಕಿನ ತಪಾಸಣಾಧಿಕಾರಿಗಳ ಮುಂದೆ ಇಂಥ ಪುಸ್ತಕ ಇಟ್ಟಿದ್ದರೆ ನಮ್ಮ ಗತಿ ಏನಾಗುತ್ತಿತ್ತೆಂದು ನೆನೆದು ನಕ್ಕೆ.

ಪೋಲಾದುದರ ಪಟ್ಟಿಯನ್ನು ಉದ್ದಕ್ಕೆ ಕೊಡುವುದಿಲ್ಲ. ಆಫ್ಘಾನ್ ಪುನರ್ನಿರ್ಮಾಣದ ಹಣವನ್ನು ಪರಿಶೀಲಿಸಲೆಂದೇ ನೇಮಕಗೊಂಡಿದ್ದ ವಿಶೇಷ ತಪಾಸಣಾ ಕಛೇರಿಯ ವರದಿಗಳಿಂದ ಒಂದೇ ಒಂದನ್ನು ಹೇಳುತ್ತೇನೆ. ಆಫ್ಘಾನ್ ವಾಯುಪಡೆಗೆಂದು ಇಟಲಿಯಲ್ಲಿ ತಯಾರಾದ 20 ಹಳೆಯ ಸಾಗಣೆ ವಿಮಾನಗಳನ್ನು ತರಿಸಿದ ಯೋಜನೆಗೆ ಸುಮಾರು 55 ಕೋಟಿ ಡಾಲರ್ ತಗುಲಿತು. ಅವು ಸರಿಯಾಗಿ ಹಾರಲೇ ಇಲ್ಲ. 2014ರಲ್ಲಿ ಅವುಗಳಲ್ಲಿ 16 ವಿಮಾನಗಳನ್ನು ಕಾಬೂಲಿನಲ್ಲಿ ಒಡೆದು ಗುಜರಿಗೆ ಹಾಕಿದರು. ದೊರೆತ ದರ ಪೌಂಡಿಗೆ 6 ಸೆಂಟ್. ನಮ್ಮೂರ ಸಂತೆಯಲ್ಲಿ ಹಳೇ ಪಾತ್ರೆ ಕೊಡುವ ಹೆಣ್ಣುಮಗಳೂ ಇದಕ್ಕಿಂತ ಗಟ್ಟಿಯಾಗಿ ಚೌಕಾಸಿ ಮಾಡುತ್ತಾಳೆ.

ಇಷ್ಟೆಲ್ಲವೂ ಆದ ಖರ್ಚು. ಆಗಬೇಕಾದ ಖರ್ಚು ಬೇರೆ ಇದೆ. ಗಾಯಗೊಂಡು ಬಂದ ಯೋಧರ ಚಿಕಿತ್ಸೆಗೂ ಮಾಸಾಶನಕ್ಕೂ ಇರಾಕ್, ಆಫ್ಘಾನಿಸ್ತಾನ ಮೊದಲಾದ ರಣರಂಗಗಳನ್ನು ಸೇರಿಸಿ, 2050ರವರೆಗೆ 2.2ರಿಂದ 2.5 ಲಕ್ಷ ಕೋಟಿ ಡಾಲರ್ ಬೇಕಾಗುವುದೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ಲಿಂಡಾ ಬಿಲ್ಮ್ಸ್ ಅಂದಾಜು ಮಾಡಿದ್ದಾರೆ. ಅವರು ತೋರಿಸಿಕೊಟ್ಟ ಇನ್ನೊಂದು ಸಂಗತಿ ನನ್ನನ್ನು ಬಹಳ ಹೊತ್ತು ಯೋಚನೆಗೀಡುಮಾಡಿತು. 1918ರಲ್ಲಿ ಮುಗಿದ ಮೊದಲ ಮಹಾಯುದ್ಧದ ಅಂಗವಿಕಲ ಯೋಧರಿಗೆ ಅಮೆರಿಕ ಅತಿ ಹೆಚ್ಚು ಪರಿಹಾರ ಕೊಟ್ಟದ್ದು 1969ರಲ್ಲಿ. ಎರಡನೆಯ ಮಹಾಯುದ್ಧದವರಿಗೆ 1980ರ ದಶಕದ ಕೊನೆಯಲ್ಲಿ. ಯೌವನ ಮುಚ್ಚಿಟ್ಟುಕೊಂಡ ಗಾಯವನ್ನು ಮುಪ್ಪು ಹೊರಗೆಡಹುತ್ತದೆ. ಇದಕ್ಕೂ ಮೀರಿದ ಒಂದು ಖಾತೆ ಇದೆ. ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಆ ಯುದ್ಧದಲ್ಲಿ ಹೋರಾಡಿದ್ದ ಒಬ್ಬ ಸೈನಿಕನಿಗೆ ಎಂಬತ್ತು ದಾಟಿದ ಮೇಲೆ, 1930ರಲ್ಲಿ, ಮಗಳೊಬ್ಬಳು ಹುಟ್ಟಿದಳು. ಬುದ್ಧಿ ಪೂರ್ತಿ ಬೆಳೆಯದ ಆ ಮಗಳಿಗೆ ತಂದೆಯ ಸೇವೆಯ ಲೆಕ್ಕದಲ್ಲಿ ತಿಂಗಳಿಗೆ 73 ಡಾಲರ್ 13 ಸೆಂಟ್ ಮಾಸಾಶನ ಸಲ್ಲುತ್ತಿತ್ತು. ಉತ್ತರ ಕೆರೊಲಿನಾದ ಒಂದು ಶುಶ್ರೂಷಾಲಯದಲ್ಲಿ ಆಕೆ ತೀರಿಕೊಂಡದ್ದು 2020ರ ಮೇ ತಿಂಗಳಲ್ಲಿ. ಯುದ್ಧ ಮುಗಿದು 155 ವರ್ಷಗಳ ಮೇಲೆ ಆ ಖಾತೆ ಮುಚ್ಚಿತು.

ಒಂದು ಭಾನುವಾರ ಮಗ ನಮ್ಮನ್ನು ಪೊಟೊಮ್ಯಾಕ್ ನದಿಯ ದಂಡೆಯ ಮೇಲಿರುವ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನಭೂಮಿಗೆ ಕರೆದೊಯ್ದ. ಪ್ರವಾಸಿಗರೆಲ್ಲ ಕೆನಡಿಯವರ ಸಮಾಧಿಯತ್ತ ಏರುತ್ತಿದ್ದರು. ನಾನು ನೋಡಬಯಸಿದ್ದು ಅರವತ್ತನೆಯ ವಿಭಾಗ. ಇರಾಕ್ ಹಾಗೂ ಆಫ್ಘಾನಿಸ್ತಾನದಲ್ಲಿ ಮಡಿದ ಅನೇಕರನ್ನು ಅಲ್ಲಿ ಮಣ್ಣು ಮಾಡಿದ್ದಾರೆ. ನಮ್ಮವರಲ್ಲಿಯೂ ದೇಹವನ್ನು ಭೂಮಿಗೇ ಒಪ್ಪಿಸುವ ಪದ್ಧತಿಯಿರುವುದರಿಂದ ಸಮಾಧಿಯ ಮುಂದೆ ಹೇಗೆ ನಿಲ್ಲಬೇಕೆಂಬುದು ನಮಗೆ ಹೊಸದೇನಲ್ಲ. ಸಾಲುಸಾಲಾಗಿ ಒಂದೇ ಎತ್ತರದ ಬಿಳಿಯ ಅಮೃತಶಿಲೆ. ಹೆಸರು, ಪದವಿ, ಹುಟ್ಟಿದ ದಿನ, ಮಡಿದ ದಿನ. ನಮ್ಮ ಮನೆಯವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಅಂಕಿ ಬರುತ್ತದೆ. ಅವರು ಕಲ್ಲಿನಿಂದ ಕಲ್ಲಿಗೆ ಹೋಗಿ ಹುಟ್ಟಿದ ವರ್ಷವನ್ನು ಕಳೆದು ವಯಸ್ಸು ಎಣಿಸತೊಡಗಿದರು. “ಇಪ್ಪತ್ತೊಂದು… ಹತ್ತೊಂಬತ್ತು… ಇಪ್ಪತ್ತಾರು…” ಎಂಟೋ ಹತ್ತೋ ಕಲ್ಲಾದ ಮೇಲೆ ಎಣಿಸುವುದನ್ನು ನಿಲ್ಲಿಸಿ ಸೆರಗನ್ನು ಬಾಯಿಗೆ ಹಿಡಿದು ನಿಂತರು. ಒಂದು ಕಲ್ಲಿನ ಮೇಲೆ ಯಾರೋ ಪುಟ್ಟ ಆಟಿಕೆಯ ಕಾರನ್ನು ಇಟ್ಟು ಹೋಗಿದ್ದರು.

ಆ ಇಪ್ಪತ್ತು ವರ್ಷಗಳಲ್ಲಿ ಆಫ್ಘಾನಿಸ್ತಾನದಲ್ಲಿ ಮಡಿದ ಅಮೆರಿಕದ ಯೋಧರು ಸುಮಾರು 2,460, ಬ್ರಿಟನ್ನಿನವರು 457. ಕಟ್ಟಕಡೆಗೆ, 2021ರ ಆಗಸ್ಟ್ 26ರಂದು, ಕಾಬೂಲ್ ವಿಮಾನ ನಿಲ್ದಾಣದ ದ್ವಾರದಲ್ಲಿ ಆತ್ಮಾಹುತಿ ಬಾಂಬಿಗೆ 13 ಅಮೆರಿಕನ್ ಯೋಧರೂ ಸುಮಾರು 170 ಆಫ್ಘಾನರೂ ಬಲಿಯಾದರು. ಆ ಹದಿಮೂವರಲ್ಲಿ ಐವರ ವಯಸ್ಸು ಇಪ್ಪತ್ತು. ಯುದ್ಧ ಆರಂಭವಾದಾಗ ತೊಟ್ಟಿಲಲ್ಲಿದ್ದ ಕೂಸುಗಳು ಬೆಳೆದು ಅದೇ ಯುದ್ಧದ ಕೊನೆಯ ವಾರದಲ್ಲಿ ಸತ್ತವು.

ಸತ್ತವರ ಸಂಖ್ಯೆಯಿಂದ ಮಾತ್ರ ಈ ಲೆಕ್ಕ ಹಿಡಿಯಲಾಗದು. 2001ರ ನಂತರದ ಯುದ್ಧಗಳಲ್ಲಿ ರಣರಂಗದ ಕಾರ್ಯಾಚರಣೆಗಳಲ್ಲಿ ಮಡಿದ ಅಮೆರಿಕನ್ ಯೋಧರು ಸುಮಾರು ಏಳು ಸಾವಿರವಾದರೆ, ಆ ಕಾಲದಲ್ಲಿ ಸೇವೆಯಲ್ಲಿದ್ದವರೂ ನಿವೃತ್ತರೂ ಸೇರಿ ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಂಡವರು ಮೂವತ್ತು ಸಾವಿರಕ್ಕೂ ಹೆಚ್ಚೆಂದು 2021ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನ ಅಂದಾಜಿಸಿತು. ಮಗನ ಮನೆಯ ಹಿಂದಿನ ಬೀದಿಯಲ್ಲಿ ಅಂಥ ಯುದ್ಧದಿಂದ ಮರಳಿದವನೊಬ್ಬನಿದ್ದ. ಒಂದು ಕಾಲು ಮೊಣಕಾಲಿನ ಕೆಳಗಿಲ್ಲ. ಅದನ್ನು ಕಂದಹಾರಿನ ಬಳಿ ಕಳೆದುಕೊಂಡವನು. ಲೋಹದ ಕಾಲಿನಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದ. ಆದರೆ ಜುಲೈ 4ರ ಅವರ ಸ್ವಾತಂತ್ರ್ಯೋತ್ಸವಕ್ಕೆ ಎರಡು ದಿನ ಮೊದಲೇ ಆ ಮನೆಯ ಹುಲ್ಲುಹಾಸಿನ ಮೇಲೆ ಒಂದು ಫಲಕ ನಿಂತಿತು: ಇಲ್ಲಿ ಯುದ್ಧ ಕಂಡ ಯೋಧನೊಬ್ಬ ವಾಸಿಸುತ್ತಾನೆ, ದಯವಿಟ್ಟು ಪಟಾಕಿ ಹಾರಿಸುವಾಗ ನೆನಪಿಡಿ. ಅವನ ಹೆಂಡತಿ ಶಾಲಾ ಶಿಕ್ಷಕಿಯಾಗಿದ್ದವಳು, ಗಂಡನ ಆರೈಕೆಗಾಗಿ ಕೆಲಸ ಬಿಟ್ಟಿದ್ದಳು. ಇಂಥ ಆರೈಕೆದಾರರಿಗೆ ತಿಂಗಳ ಸಹಾಯಧನ ಕೊಡುವ ಕಾನೂನು 2010ರಲ್ಲಿ ಬಂದಿದೆ. ಆಕೆ ಕಳೆದುಕೊಂಡ ಸಂಬಳ, ನಿದ್ದೆ, ಬಡ್ತಿ, ಇವುಗಳಿಗೆ ಮಾತ್ರ ಆ ಮಹಾಲೆಕ್ಕದಲ್ಲಿ ಕಾಲಮ್ಮೇ ಇಲ್ಲ.

ಸೈನಿಕರಲ್ಲದವರೂ ಸತ್ತಿದ್ದಾರೆ. ಅಡುಗೆ, ವಿದ್ಯುತ್ತು, ಕಾವಲು, ಲಾರಿ ಓಡಿಸುವಿಕೆ, ಇವನ್ನೆಲ್ಲ ಗುತ್ತಿಗೆ ಕಂಪನಿಗಳಿಗೆ ಒಪ್ಪಿಸಲಾಗಿತ್ತು. ಎಷ್ಟೋ ವರ್ಷಗಳಲ್ಲಿ ಆಫ್ಘಾನಿಸ್ತಾನದಲ್ಲಿ ಸೈನಿಕರಿಗಿಂತ ಗುತ್ತಿಗೆಯವರೇ ಹೆಚ್ಚಾಗಿದ್ದರು. ಅವರಲ್ಲಿ ಬಡದೇಶಗಳಿಂದ ದುಡಿಯಲು ಹೋದವರು ಬಹಳ. ನಮ್ಮ ದಕ್ಷಿಣ ಕನ್ನಡದಿಂದ ಹೋಗಿ ಆ ನೆಲೆಗಳಲ್ಲಿ ಕೆಲಸ ಮಾಡುತ್ತಿದ್ದ ಹಲವರು 2021ರ ಆಗಸ್ಟ್‌ನಲ್ಲಿ ಜೀವ ಉಳಿಸಿಕೊಂಡು ಊರಿಗೆ ಮರಳಿದ್ದನ್ನು ನಮ್ಮ ಪತ್ರಿಕೆಗಳಲ್ಲಿಯೇ ಓದಿದ್ದೆವು. ಮಡಿದ ಗುತ್ತಿಗೆಯವರು 3,900ಕ್ಕೂ ಹೆಚ್ಚೆಂದು ಅಂದಾಜು. ಇದು ಅಂದಾಜೇ ಏಕೆಂದರೆ ಹೊರದೇಶದ ಕೂಲಿಗಾರರ ಸಾವನ್ನು ಅನೇಕ ಕಂಪನಿಗಳು ವರದಿಯನ್ನೇ ಮಾಡಲಿಲ್ಲ. ಸೈನಿಕನ ಹೆಸರು ಕಲ್ಲಿನ ಮೇಲಾದರೂ ಉಳಿಯಿತು. ಇವರಿಗೆ ಅದೂ ಇಲ್ಲ.

ಈಗ ನಮ್ಮ ಮನೆಯ ಮಾತನ್ನೇ ಹೇಳಬೇಕಾಗಿದೆ; ಹೇಳದಿದ್ದರೆ ಲೆಕ್ಕ ಅರ್ಧವಾದೀತು. ಫೇರ್‌ಫ್ಯಾಕ್ಸ್, ಲೌಡನ್ ಕೌಂಟಿಗಳು ಅಮೆರಿಕದ ಅತಿ ಸಿರಿವಂತ ಜಿಲ್ಲೆಗಳ ಸಾಲಿಗೆ ಸೇರಿದವು. ಆ ಸಿರಿಯ ದೊಡ್ಡ ಪಾಲು ಸರ್ಕಾರದ, ಅದರಲ್ಲಿಯೂ ರಕ್ಷಣಾ ಇಲಾಖೆಯ, ಗುತ್ತಿಗೆಗಳಿಂದ ಬಂದದ್ದು. 2001ರಿಂದ ಇಪ್ಪತ್ತು ವರ್ಷಗಳಲ್ಲಿ ಆ ಇಲಾಖೆ ವೆಚ್ಚ ಮಾಡಿದ 14 ಲಕ್ಷ ಕೋಟಿ ಡಾಲರುಗಳಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಖಾಸಗಿ ಕಂಪನಿಗಳಿಗೆ ಹೋಯಿತೆಂದು ಓದಿದೆ. ನನ್ನ ಮಗ ಕೆಲಸ ಮಾಡುವುದೂ ಅಂಥದೊಂದು ಕಂಪನಿಯಲ್ಲಿ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟೆ. ಅವನು ಕೋಪಿಸಿಕೊಳ್ಳಲಿಲ್ಲ.

“ಅಪ್ಪಾ, ನಾ ಏನ್ ಬಂದೂಕ ಮಾಡ್ತೀನೇನ್ರಿ? ಸಾಮಾನು ಎಲ್ಲಿಂದ ಹೊಂಟು ಎಲ್ಲಿಗೆ ಮುಟ್ಟಿತು ಅನ್ನೂದರ ಲೆಕ್ಕದ ಪ್ರೋಗ್ರಾಮ್ ಬರೀತೀನಿ. ನೀವೂ ಜೀವನಾ ತುಂಬ ಲೆಕ್ಕಾನs ಬರದವರಲ್ಲೇನು?”

ನನ್ನ ಬಳಿ ಥಟ್ಟನೆ ಉತ್ತರವಿರಲಿಲ್ಲ. ಅವನ ದುಡಿಮೆಯಲ್ಲಿ ಮೋಸವಿಲ್ಲ. ಹಗಲಿರುಳು ದುಡಿಯುತ್ತಾನೆ, ಊರಿನ ಪ್ರಸಾದನಿಲಯಕ್ಕೆ ವರ್ಷವರ್ಷವೂ ತಪ್ಪದೆ ಹಣ ಕಳಿಸುತ್ತಾನೆ. ಕಾಯಕದ ಶುದ್ಧಿಯ ಬಗ್ಗೆ ಮಾತನಾಡುವಾಗ ನಾವು ದುಡಿಯುವವನ ಕೈಯನ್ನು ನೋಡುತ್ತೇವೆ. ಆ ಕೈಯಿಂದ ಹೊರಟದ್ದು ಹತ್ತು ಕೈ ದಾಟಿ ಎಲ್ಲಿಗೆ ಮುಟ್ಟಿತೆಂದು ನೋಡುವುದು ಹೇಗೆ? “ಮುಟ್ಟಿದ ಮ್ಯಾಲೆ ಅದು ಏನಾತು ಅಂತ ನಿನ್ನ ಪ್ರೋಗ್ರಾಮ್ ಹೇಳತೈತೇನು?” ಎಂದೆ. ಅವನು ತಟ್ಟೆಯನ್ನೇ ನೋಡುತ್ತ, “ಇಲ್ರಿ. ಮುಟ್ಟಿತು ಅಂದ್ರ ನಮ್ಮ ಕೆಲಸ ಮುಗೀತು” ಎಂದ. ನಮ್ಮ ಮನೆಯವರು ನಡುವೆ ಬಂದು ಎಲ್ಲರಿಗೂ ಮಜ್ಜಿಗೆ ಬಡಿಸಿದರು. ಅಂದಿನಿಂದ ನಾವು ಆ ಮಾತೆತ್ತಲಿಲ್ಲ. ಆದರೆ ಮುಂದಿನ ವಾರ ಅವನೇ ನನ್ನನ್ನು ಗ್ರಂಥಾಲಯಕ್ಕೆ ಕರೆದೊಯ್ದು, ನಾನು ಓದುತ್ತಿದ್ದ ವರದಿಗಳನ್ನು ತಾನೂ ಒಂದು ಗಂಟೆ ತಿರುವಿಹಾಕಿದ.

ಆ ಗ್ರಂಥಾಲಯದಲ್ಲಿಯೇ ನನಗೆ ಆಫ್ಘಾನ್ ಹಿರಿಯರೊಬ್ಬರ ಪರಿಚಯವಾದದ್ದು. ಕಾಬೂಲ್ ಬಿದ್ದ ಮೇಲೆ ಅಮೆರಿಕ ಸುಮಾರು 76,000 ಆಫ್ಘಾನರನ್ನು ಕರೆತಂದಿತು. ಅವರಲ್ಲಿ ಬಹಳ ಮಂದಿ ಉತ್ತರ ವರ್ಜೀನಿಯಾದಲ್ಲಿ ನೆಲೆ ನಿಂತರು. ಈ ಹಿರಿಯರ ಕಿರಿಯ ಮಗ ಅಮೆರಿಕದ ಸೇನೆಗೆ ದುಭಾಷಿಯಾಗಿದ್ದ, ಹಾಗಾಗಿ ಬಂದವರು. ಸೋವಿಯತ್ ಸೇನೆ ಅವರ ದೇಶವನ್ನು ಹೊಕ್ಕ ಕಾಲದಲ್ಲಿ ಪೇಶಾವರಕ್ಕೆ ಓಡಿಹೋಗಿ ಅಲ್ಲಿ ಹಲವು ವರ್ಷ ಇದ್ದುದರಿಂದ ಒಳ್ಳೆಯ ಉರ್ದು ಬಲ್ಲರು. ನನ್ನದು ಹುಬ್ಬಳ್ಳಿಯ ಹಿಂದಿ. ಇವೆರಡರ ನಡುವೆ ಹೇಗೋ ಸಂಭಾಷಣೆ ಸಾಗುತ್ತಿತ್ತು. ನಾನು ಅವರನ್ನು ಖಾನ್ ಸಾಹೇಬರೆಂದೆ, ಅವರು ನನ್ನನ್ನು ಭಾಯಿಜಾನ್ ಎಂದರು.

ಅವರ ಹಿರಿಯ ಮಗ ಆಫ್ಘಾನ್ ಪೊಲೀಸ್ ಪಡೆಯಲ್ಲಿದ್ದು 2015ರಲ್ಲಿ ಸತ್ತಿದ್ದ. ಆ ದೇಶದ ಸೈನಿಕರೂ ಪೊಲೀಸರೂ ಸೇರಿ ಈ ಯುದ್ಧದಲ್ಲಿ ಮಡಿದವರು 66,000ಕ್ಕೂ ಹೆಚ್ಚು. ನಿಶ್ಶಸ್ತ್ರ ನಾಗರಿಕರು 46,000ಕ್ಕೂ ಹೆಚ್ಚು. ಎದುರಾಳಿಗಳನ್ನೂ ಸೇರಿಸಿದರೆ ಆಫ್ಘಾನಿಸ್ತಾನದ ನೆಲದಲ್ಲಿ ಒಟ್ಟು ಸುಮಾರು 1,76,000 ಜೀವಗಳು. ಹಸಿವಿನಿಂದ, ಔಷಧವಿಲ್ಲದೆ ಸತ್ತವರು ಇದರಲ್ಲಿ ಸೇರಿಲ್ಲ. ಈ ಅಂಕಿಗಳನ್ನು ನಾನು ಖಾನ್ ಸಾಹೇಬರ ಮುಂದೆ ಹೇಳಲಿಲ್ಲ. ತನ್ನ ಮಗನನ್ನು ಹೂತವನಿಗೆ ಒಟ್ಟು ಮೊತ್ತ ಯಾತಕ್ಕೆ? ಅವರ ಮೊಮ್ಮಗಳು, ಸತ್ತ ಮಗನ ಮಗಳು, ಅಲ್ಲಿಯ ಹಳದಿ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದಳು. ಅವಳದೇ ವಯಸ್ಸಿನ ಸೋದರತ್ತೆಯ ಮಗಳು ಕಾಬೂಲಿನಲ್ಲಿ ಉಳಿದಿದ್ದಳು. ಆರನೆಯ ತರಗತಿಯ ಮೇಲೆ ಹೆಣ್ಣುಮಕ್ಕಳಿಗೆ ಅಲ್ಲಿ ಶಾಲೆಯ ಬಾಗಿಲು ಮುಚ್ಚಿತ್ತು. ಇಪ್ಪತ್ತು ವರ್ಷಗಳಿಂದ ಏನೂ ಪ್ರಯೋಜನವಾಗಲಿಲ್ಲವೆಂದು ನಾನು ಒಮ್ಮೆ ಅಂದಾಗ ಅವರು ತಡೆದು, ಹಾಗೆನ್ನಬೇಡಿ, ನನ್ನ ಮಗಳು ಆ ವರ್ಷಗಳಲ್ಲಿಯೇ ಓದಿ ಉಪಾಧ್ಯಾಯಿನಿಯಾದಳು ಎಂದಿದ್ದರು. ಆ ಮಗಳೇ ಈಗ ಕಾಬೂಲಿನಲ್ಲಿ ಮನೆಯೊಳಗೆ ಕುಳಿತವಳು.

ನಾನು ಬ್ಯಾಂಕಿನವನೆಂದು ತಿಳಿದ ದಿನ ಅವರಿಗೆ ಏನೋ ಆಸೆ ಹುಟ್ಟಿದಂತಾಯಿತು. ತಾಲಿಬಾನರು ಬಂದೊಡನೆ ಅಮೆರಿಕದಲ್ಲಿದ್ದ ಆಫ್ಘಾನ್ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರ್ ನಿಧಿಯನ್ನು ಅಮೆರಿಕ ಸರ್ಕಾರ ತಡೆಹಿಡಿಯಿತು. ಅಲ್ಲಿಯ ಬ್ಯಾಂಕುಗಳಲ್ಲಿ ನಗದು ಬತ್ತಿತು. ಠೇವಣಿದಾರರು ವಾರಕ್ಕೆ 200 ಡಾಲರಿಗಿಂತ ಹೆಚ್ಚು ತೆಗೆಯಕೂಡದೆಂದು ಮೊದಲಿಗೆ ಮಿತಿ ಹೇರಲಾಯಿತು; ಅದಕ್ಕಾಗಿ ಜನ ನಸುಕಿನಲ್ಲಿಯೇ ಸಾಲು ನಿಲ್ಲುತ್ತಿದ್ದರು. 2022ರ ಫೆಬ್ರವರಿಯಲ್ಲಿ ಆ ನಿಧಿಯ ಅರ್ಧವನ್ನು ಆಫ್ಘಾನ್ ಜನತೆಗಾಗಿ ಮೀಸಲಿಟ್ಟು, ಉಳಿದರ್ಧವನ್ನು ಸೆಪ್ಟೆಂಬರ್ 11ರ ಸಂತ್ರಸ್ತರ ದಾವೆಗಳಿಗೆ ಉಳಿಸಬೇಕೆಂದು ಅಧ್ಯಕ್ಷ ಬೈಡನ್ನರು ಆದೇಶಿಸಿದರು. ನ್ಯಾಯ ಯಾವ ಕಡೆಗಿದೆಯೆಂಬುದನ್ನು ದೊಡ್ಡವರು ಹೇಳಲಿ. ದಿವಾಳಿಯಾದ ಸಂಘದ ಬಾಗಿಲಲ್ಲಿ ನಿಂತ ಠೇವಣಿದಾರರ ಮುಖವನ್ನು ನಾನು ನಮ್ಮ ಕಡೆ ಕಂಡಿದ್ದೇನೆ.

ಮರುದಿನ ಖಾನ್ ಸಾಹೇಬರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕಾರು ಹಾಳೆಗಳನ್ನು ತಂದರು. ಕಾಬೂಲಿನ ಬ್ಯಾಂಕೊಂದರಲ್ಲಿ ಅವರ ಹಿರಿಯ ಮಗನ ಸಾವಿನ ಪರಿಹಾರದ ಹಣವನ್ನು ಇಟ್ಟ ಖಾತೆಯ ಪಟ್ಟಿ ಅದು. ಲಿಪಿ ನನಗೆ ಬಾರದು. ಮಗ್ಗುಲಲ್ಲಿ ಇಂಗ್ಲಿಷ್ ಅಂಕಿಗಳಿದ್ದವು. ಕನ್ನಡಕ ಏರಿಸಿ, ಹಳೆಯ ಅಭ್ಯಾಸದಂತೆ ಬೆರಳಿಟ್ಟು ಜಮಾ ಕೂಡಿದೆ, ಖರ್ಚು ಕೂಡಿದೆ, ಶಿಲ್ಕು ತಾಳೆ ನೋಡಿದೆ. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು. ಅರ್ಧ ಗಂಟೆಯಾದ ಮೇಲೆ, “ಹಿಸಾಬ್ ಬರಾಬರ್ ಹೈ, ಖಾನ್ ಸಾಬ್” ಎಂದೆ. ಅವರು ಹಾಳೆಗಳನ್ನು ಒಂದೊಂದಾಗಿ ಮಡಚಿ ಚೀಲದಲ್ಲಿಟ್ಟುಕೊಂಡು, ಶಾಲೆಯ ಬಸ್ಸು ಬರುವ ಹೊತ್ತಾಯಿತೆಂದು ಎದ್ದರು.